ಮೊಟ್ಟೆ ಚೆಂಡಿನ ಮೇಷ್ಟ್ರು

ಊರಿಗೆ ಹೊಸ ಆಟ ತರಲು ಹೊರಟವನು ನಗೆಪಾಟಲಾಗದೆ ಉಳಿಯುವುದಿಲ್ಲ. ನನಗಂತೂ ಅದು ತಿಂಗಳ ಸಂಬಳದ ಹಾಗೆ ತಪ್ಪದೆ ಸಿಗುತ್ತಿತ್ತು.

ಅರವತ್ತರ ದಶಕದಲ್ಲಿ ತೀರ್ಥಹಳ್ಳಿಯ ಹೈಸ್ಕೂಲೊಂದರಲ್ಲಿ ನಾನು ಡ್ರಿಲ್ ಮೇಷ್ಟ್ರು. ವಿಕ್ಟೋರಿಯಾ ರಾಣಿಯ ಕಾಲದ ರಗ್ಬಿ ಆಟಗಾರನೊಬ್ಬನ ಜೀವನಚರಿತ್ರೆ ಓದಿ ತಲೆ ಕೆಡಿಸಿಕೊಂಡಿದ್ದೆ. ಮೊಟ್ಟೆಯಾಕಾರದ ಚೆಂಡನ್ನು ಅಪ್ಪಿಕೊಂಡು ಓಡಿ ಎದುರಾಳಿಗಳ ಗೆರೆ ದಾಟಿಸುವ ಆ ಆಟವನ್ನೇ ಕಾಣದ ಊರಿಗೆ ಹೋಗಿ ತಂಡ ಕಟ್ಟಿದವನು ಆತ. ನಾನೇನು ಕಮ್ಮಿ?

ಹೆಡ್‌ಮಾಸ್ತರು ಒಂದೇ ಮಾತು ಹೇಳಿದರು: "ಸಾಗರದವ್ರ ಜೊತೆ ಒಂದು ಮ್ಯಾಚ್ ಆಡ್ಸಿ. ಗೆದ್ರೆ ಆಟ ಇರ್ತದೆ. ಸೋತ್ರೆ ವಾಪಸ್ ಖೋಖೋ."

೧. ಸಾಮಾನು ಬಂತು

"ವಿದ್ಯಾರ್ಥಿಗಳಿಗೆ ರಗ್ಬಿ: ಒಂದು" ಎಂದು ಚೆಂಡು ತರಿಸಲು ಬರೆದು ಗುಮಾಸ್ತರಿಗೆ ಕೊಟ್ಟೆ. ಹದಿನೈದು ದಿನಕ್ಕೆ ಶಿವಮೊಗ್ಗದಿಂದ ಪಾರ್ಸೆಲ್ ಬಂತು. ಬಿಚ್ಚಿದರೆ ಕಂದು ಬಣ್ಣದ ರಗ್ಗು.

"ನೀವು ಕಾಗುಣಿತ ತಪ್ಪು ಬರ್ದಿದ್ರಿ, ನಾನೇ ತಿದ್ದಿ ಕಳ್ಸಿದೆ" ಎಂದರು ಗುಮಾಸ್ತರು.

"ಇದು ಇಷ್ಟು ಚಿಕ್ಕದಿದೆಯಲ್ಲ?" ಎಂದೆ, ಬೇರೇನೂ ತೋಚದೆ.

"ವಿದ್ಯಾರ್ಥಿಗಳಿಗೆ ಅಂತ ಇತ್ತಲ್ಲ, ಅದ್ಕೇ ಮಕ್ಕಳ ಸೈಜು."

೨. ಮೀಸೆಯ ದೊರೆ

ಚೆಂಡು ಬಂದದ್ದು ಮತ್ತೊಂದು ತಿಂಗಳಿಗೆ. ಅಷ್ಟರೊಳಗೆ ಪುಸ್ತಕದಲ್ಲಿದ್ದ ಆ ದಪ್ಪ ಮೀಸೆಯ ಆಟಗಾರನ ಚಿತ್ರಕ್ಕೆ ಕಟ್ಟು ಹಾಕಿಸಿ ಆಟದ ಸಾಮಾನಿನ ಕೋಣೆಯಲ್ಲಿ ತೂಗುಹಾಕಿದ್ದೆ. ಆಯುಧಪೂಜೆಯ ದಿನ ನೋಡುತ್ತೇನೆ, ನಮ್ಮ ಜವಾನ ಅದಕ್ಕೆ ಕುಂಕುಮವಿಟ್ಟು ಸೇವಂತಿಗೆ ಹಾರ ಹಾಕಿದ್ದಾನೆ.

"ನಿಮ್ಮ ಅಜ್ಜಯ್ಯನಾ ಸಾರ್?"

"ಅಲ್ಲ ಮಾರಾಯ. ರಗ್ಬಿ ಆಡ್ತಿದ್ದವ್ರು."

ಅವನು ಆ ಚಿತ್ರವನ್ನೂ ಅಂಗಳದಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ಹೊರಳುತ್ತಿದ್ದ ನಮ್ಮ ಹುಡುಗರನ್ನೂ ನೋಡಿದ.

"ಪಾಪ, ಇದೇ ಆಟ ಆಡೀನೇ ಹೋದ್ರಾ?"

೩. ಗೆರೆಗೆ ನಾಲ್ಕೇ ಹೆಜ್ಜೆ

ಸಾಗರದ ಡ್ರಿಲ್ ಮೇಷ್ಟ್ರು ನನ್ನ ಗೆಳೆಯ. ಕಾಡಿ ಬೇಡಿ ಅವನಿಂದಲೂ ಒಂದು ತಂಡ ಕಟ್ಟಿಸಿದ್ದೆ. ಮ್ಯಾಚ್ ಮುಗಿಯಲು ಒಂದು ನಿಮಿಷವಿದೆ, ಎರಡೂ ಕಡೆ ಸಮ. ಮೇಗರವಳ್ಳಿಯ ನಮ್ಮ ಹುಡುಗ ಚೆಂಡು ಅಪ್ಪಿಕೊಂಡು ಓಡಿದ. ಎದುರಿಗೆ ಸಾಗರದವನೊಬ್ಬ ಅಡ್ಡ ಬಿದ್ದ. ನಮ್ಮವನು ಅವನನ್ನು ಹಾರಿ ದಾಟಿದ. ಗೆರೆಗೆ ನಾಲ್ಕೇ ಹೆಜ್ಜೆ.

ಹುಡುಗ ಗಕ್ಕನೆ ನಿಂತ. ಹಿಂದಕ್ಕೆ ಬಂದ. ಚೆಂಡನ್ನು ಮೆಲ್ಲಗೆ ನೆಲದ ಮೇಲಿಟ್ಟು, ಬಿದ್ದವನನ್ನು ಎರಡೂ ಕೈಯಲ್ಲಿ ಮುಟ್ಟಿ ಕಣ್ಣಿಗೊತ್ತಿಕೊಂಡ. ಬಿದ್ದವನು ಎದ್ದ, ಚೆಂಡೆತ್ತಿಕೊಂಡ, ಆ ತುದಿಯವರೆಗೂ ಓಡಿ ಗೆದ್ದ.

"ಎಂತ ಮಾಡ್ದೆ ಮಾರಾಯ?" ಎಂದೆ. ನನಗೆ ಅಳುವೇ ಬಂದಿತ್ತು.

"ಕಾಲು ತಾಗ್ತು ಸಾರ್, ಅವ್ನ ತಲೆಗೆ. ಹಂಗೇ ಹೋಗಕ್ಕಾಗ್ತದಾ?"

ಹೆಡ್‌ಮಾಸ್ತರು ಪಕ್ಕದಲ್ಲೇ ನಿಂತು ಕೇಳುತ್ತಿದ್ದರು. ಇನ್ನು ಖೋಖೋನೇ ಗತಿ ಅಂದುಕೊಂಡೆ. ಅವರು ಹುಡುಗನ ಬೆನ್ನು ತಟ್ಟಿ ನನ್ನತ್ತ ತಿರುಗಿದರು.

"ಆಟ ಇರ್ಲಿ ಮೇಷ್ಟ್ರೇ. ಒಂದೇ ಕೈಯಲ್ಲಿ ನಮಸ್ಕಾರ ಮಾಡೋದು ಕಲ್ಸಿ."