ಚಿಗವ್ವನ ಹಾಡು ನುಂಗಿದ ಕಾರ್ಡು

ನನ್ನ ನೆನಪಿನ ಮೇಲೆ ನನಗೆ ನಂಬಿಕೆಯಿಲ್ಲ. ಅದಕ್ಕೇ ಡೈರಿ ಬರೆಯುತ್ತೇನೆ. ಡೈರಿಯ ಮೇಲೂ ಪೂರ್ತಿ ನಂಬಿಕೆಯಿಲ್ಲ, ಬರೆಯುವವನು ಅದೇ ಮನುಷ್ಯನಲ್ಲವೇ? ಎಂ.ಎ. ಓದಿ ನಾನು ಕಲಿತದ್ದು ಮುಖ್ಯವಾಗಿ ಅನುಮಾನಪಡುವುದನ್ನು. ಈ ವಿದ್ಯೆ ಮನೆಯಲ್ಲಿ ಜಗಳಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಒದಗಿಲ್ಲ.

ಮಗಳು ಸುಮಾಳ ಮದುವೆ ಹತ್ತಿರ ಬಂದಿತ್ತು. ನಮ್ಮ ಮನೆತನದ ಅರಿಶಿನದ ಹಾಡುಗಳು ಪೂರ್ತಿ ಬರುವುದು ಕಮಲಾಪುರದ ಚಿಗವ್ವನಿಗೆ, ಅಂದರೆ ನನ್ನ ಚಿಕ್ಕಮ್ಮನಿಗೆ ಮಾತ್ರ. ಚಿಗಪ್ಪ ತೀರಿಕೊಂಡ ಮೇಲೆ ಆಕೆ ಶುಭಕಾರ್ಯಗಳಲ್ಲಿ ಅಡುಗೆಮನೆ ಬಿಟ್ಟು ಹೊರಗೆ ಬರುವುದಿಲ್ಲ. 'ಹಂದರದಾಗ ನಾ ಕೂಡಂಗಿಲ್ಲ, ಪೆಟ್ಟಿಗ್ಯಾಗ ಹಾಡಿ ಕೊಡ್ತೀನಿ' ಎಂದು ಆಕೆಯೇ ಹೇಳಿದಳೆಂದು ಡೈರಿಯಲ್ಲಿ ಬರೆದುಕೊಂಡಿದ್ದೇನೆ. ಕೆಂಪು ಬಾಳೆಹಣ್ಣು ಹಿಡಿದುಕೊಂಡು ಕಲಬುರಗಿಯ ನಮ್ಮ ಮನೆಗೆ ಬಂದಳು. ಹೊಸ ಮೆಮೊರಿ ಕಾರ್ಡು ಹಾಕಿದ ಪ್ಲೇಯರಿನ ಮುಂದೆ ಕೂಡಿಸಿ ರೆಕಾರ್ಡಿಂಗಿನ ಗುಂಡಿ ಒತ್ತಿದೆ. ಕೆಂಪು ದೀಪ ಮಿಣುಕಿತು. ಫ್ಯಾನ್ ಬಂದ್, ಕುಕ್ಕರ್ ಬಂದ್, ಮನೆಯವರ ಉಸಿರೂ ಬಹುತೇಕ ಬಂದ್. ಹಾಡು ಮುಗಿದೊಡನೆ ಮತ್ತೆ ಒತ್ತಿದೆ. ದೀಪ ಮಿಣುಕುವುದನ್ನು ಬಿಟ್ಟು ಸ್ಥಿರವಾಗಿ ಉರಿಯಿತು. ಪಾಪ, ದಣಿವಾರಿಸಿಕೊಳ್ಳುತ್ತಿದೆ ಎಂದುಕೊಂಡೆ. ಹೀಗೆ ಮೂರು ಹಾಡು, ನಡುನಡುವೆ ಚಹಾ. ಸಂಜೆಯ ಬಸ್ಸಿಗೆ ಚಿಗವ್ವ ಊರಿಗೆ ಹೋದಳು.

ಮರುದಿನ ಹಾಕಿ ಕೇಳಿದರೆ ಒಂದು ಕೆಮ್ಮು, ಚಹಾದ ಕಪ್ಪು-ಬಸಿಗಳ ಸದ್ದು. ಹಾಡಿಲ್ಲ! ಅಲ್ಲಿಗೇ ನಿಲ್ಲಿಸಿ ಕಾರ್ಡನ್ನು ತೆಗೆದು ಊದಿ, ಪಂಚೆಗೆ ಉಜ್ಜಿ ಮತ್ತೆ ಹಾಕಿದೆ. ಅದೇ ಕೆಮ್ಮು. ಅಂಗಡಿಯವನು ನಕಲಿ ಕಾರ್ಡು ದಾಟಿಸಿದನೇ? ಹೆಂಡತಿ ಧೂಳು ಒರೆಸುವಾಗ ಯಾವುದೋ ಗುಂಡಿ ಒತ್ತಿದಳೇ? ಕೇಳಿಯೇಬಿಟ್ಟೆ.

'ಹೌದ್ರೀ, ಹಾಡು ಅಳಸಿ ಕೆಮ್ಮು ಜ್ವಾಕಿ ಇಟ್ಟೀನಿ,' ಎಂದಳು. 'ಮೊದ್ಲ ಅಂಗಡ್ಯಾಂವನ ಕೂಡ ಜಗಳಾ ಮುಗಿಸ್ಕೊಂಡು ಬರ್ರಿ, ನನ್ನ ಸರದಿ ಆಮ್ಯಾಲ.'

ಪ್ಲೇಯರನ್ನು ಚೀಲದಲ್ಲಿ ಹಾಕಿಕೊಂಡು ಹೋದೆ. ನನ್ನ ಆರೋಪಪಟ್ಟಿಯನ್ನು ಪೂರ್ತಿ ಕೇಳಿ ಅಂಗಡಿಯವನು ನಕ್ಕ. 'ಕಾರ್ಡ್ ಬರೋಬರ್ ಅದರೀ ಸರ್. ಒಮ್ಮಿ ಒತ್ತಿದ್ರ ತಯಾರ್ ನಿಂದರ್ತದ, ಮಿಣುಕ್ತದ. ಇನ್ನೊಮ್ಮಿ ಒತ್ತಿದ್ರ ಶುರು, ಮತ್ತೊಮ್ಮಿ ಒತ್ತಿದ್ರ ತಿರುಗಿ ನಿಂದರ್ತದ. ನೀವು ಹಾಡೋಮುಂದ ನಿಂದರಸಿ, ಚಾ ಕುಡಿಯೋಮುಂದ ಶುರು ಮಾಡೀರಿ.'

ಮನೆಗೆ ಬಂದು ನಾನು, ಹೆಂಡತಿ, ಸುಮಾ ಮೂವರೂ ಕೂತು ಪೂರ್ತಿ ಕೇಳಿದೆವು. ಕೆಮ್ಮಿನ ನಂತರ ಚಿಗವ್ವನ ದನಿ: 'ತಮ್ಮಾ, ಹಂದರದಾಗೇ ಕೂತು ಹಾಡಲೇನೋ? ಸುಮಾನ ಎದುರಿಗೆ ಹಾಡಬೇಕಂತ ಭಾಳ ಆಸಿ ಅದ.' ಆಮೇಲೆ, ಬಹಳ ಓದಿದವನ ಗಂಭೀರ ದನಿಯೊಂದು: 'ಬ್ಯಾಡ ಚಿಗವ್ವ. ಮಂದಿ ಏನರೆ ಅಂತಾರ. ಪೆಟ್ಟಿಗ್ಯಾಗೇ ಛಲೋ.'

ಆ ದನಿ ಯಾರದೆಂದು ನಾನು ಯಾರನ್ನೂ ಕೇಳಲಿಲ್ಲ. 'ಅಪ್ಪಾ, ಮಂದಿ ಅಂದ್ರ ಯಾರು?' ಎಂದು ಸುಮಾ ಕೇಳಿದಳು. ಹೆಂಡತಿ ಬಾಗಿಲ ಕಡೆ ನೋಡಿದಳು. ನಾನು ಕಮಲಾಪುರದ ಬಸ್ಸು ಹತ್ತಿದೆ.

'ಯಾಕೋ, ಪೆಟ್ಟಿಗಿ ಕೆಟ್ಟದೇನು?' ಚಿಗವ್ವ ಬಾಗಿಲಲ್ಲೇ ಕೇಳಿದಳು.

'ಪೆಟ್ಟಿಗಿ ಬರೋಬರ್ ಅದ. ನೀನೇ ಬಂದು ಹಂದರದಾಗ ಹಾಡು, ಚಿಗವ್ವ.'

'ಮಂದಿ?'

ನಾನು ಬೆರಳಿನಿಂದ ನನ್ನ ಎದೆಯನ್ನೇ ತೋರಿಸಿದೆ. ಆಕೆ ನನ್ನನ್ನೇ ನೋಡಿ ಹೇಳಿದಳು: 'ಬರ್ತೀನಿ. ಖರೆ, ಆ ಮಂದಿನ್ನ ಹಂದರದ ಹೊರಗ ನಿಂದರಸು.'

ಅರಿಶಿನದ ದಿನ ನಾನು ಹಂದರದ ಹೊರಗೆ, ಗೇಟಿನ ಬಳಿ ನಿಂತು ಮೂರೂ ಹಾಡು ಕೇಳಿದೆ.