ಕಡೆಯ ಸವಾರಿಗೆ ಯಾವ ಕಂಪನಿಯ ಕಾರು?

ಟ್ರೌಗೊಟ್ ಹೆಫೆಲೆ ಗುರುವಾರ ಎಂದದ್ದೇ ತಪ್ಪಾಯಿತು. ಅದನ್ನೂ ಇಬ್ಬರಿಗೆ ಹೇಳಿಬಿಟ್ಟ. ಸೋಮವಾರ ಬೆಳಿಗ್ಗೆ ರೀನೆಕ್ ಕಂಪನಿಯ ಮಾರಾಟಗಾರ ಫೋನ್ ಮಾಡಿ, "ನಮ್ಮ ಹೊಸ ಶವವಾಹನ ಒಂದು ದಿನ ಓಡಿಸಿ ನೋಡಿ, ಯಾವತ್ತು ಕಳಿಸಲಿ?" ಎಂದು ಕೇಳಿದ. ಮಧ್ಯಾಹ್ನ ವಾಲ್ಡೋರ್ ಕಂಪನಿಯ ಹೆಂಗಸು ಅದನ್ನೇ ಕೇಳಿದಳು. ಎರಡು ಸಲವೂ ಅವನ ಬಾಯಿಗೆ ಬಂದ ವಾರ ಗುರುವಾರವೇ. ಹಾಗಾಗಿ ಆ ಗುರುವಾರ ಬೆಳಿಗ್ಗೆ ಆಲ್ಮೆನ್‌ಬಾಖ್ ಊರಿನ ಜನ ಬ್ರೆಡ್ಡು ತರಲು ಹೊರಟಾಗ, ಹೆಫೆಲೆಯ ಅಂಗಳದಲ್ಲಿ ಎರಡು ಉದ್ದನೆಯ ಕರಿ ಗಾಡಿಗಳು ಮಿರಮಿರ ಮಿಂಚುತ್ತ, ಜಗಳವಾಡಿದ ಬೀಗರ ಹಾಗೆ ಒಂದರ ಮುಖ ಒಂದು ನೋಡದೆ ನಿಂತಿದ್ದವು.

ಊರಿನಲ್ಲಿ ಯಾರು ಸತ್ತರೂ ಮಣ್ಣು ಮಾಡುವ ಏರ್ಪಾಡು ಹೆಫೆಲೆ ಮನೆತನದ್ದು. ಅಜ್ಜ ಕುದುರೆ ಗಾಡಿಯಲ್ಲಿ ಸಾಗಿಸಿದ, ಅಪ್ಪ ಕೊಂಡ ಮೋಟಾರು ಗಾಡಿಯನ್ನು ಮಗ ಮೊನ್ನೆ ಮೊನ್ನೆಯವರೆಗೂ ಓಡಿಸಿದ. ಮೂರು ವಾರದ ಹಿಂದೆ ಅದು ಚೀಸ್ ವ್ಯಾಪಾರಿ ಓಟ್‌ನ ಹೆಣ ಹೊತ್ತು ಚರ್ಚಿನ ಏರು ಹತ್ತುವಾಗ ಅರ್ಧದಲ್ಲಿ ಕೆಮ್ಮಿ ನಿಂತುಬಿಟ್ಟಿತು. ಚರ್ಚಿನ ಹಾಡುಗಾರರೆಲ್ಲ ಹಾಡು ನಿಲ್ಲಿಸಿ ಗಾಡಿ ತಳ್ಳಬೇಕಾಯಿತು. ಒಬ್ಬನ ಸೊಂಟ ಇನ್ನೂ ನೆಟ್ಟಗಾಗಿಲ್ಲ. ಅದಾದ ಮೇಲೆ ಎರಡು ಮನೆಯವರು ಟ್ರೌಗೊಟ್‌ನನ್ನು ಬಿಟ್ಟು ಪಕ್ಕದ ಊರಿನ ಪಾಲ್ಮರ್ ಹತ್ತಿರ ಹೋದರು. ಇನ್ನೊಂದು ಸಲ ಗಾಡಿ ಕೈಕೊಟ್ಟರೆ ಮೂರು ತಲೆಮಾರಿನ ಅಂಗಡಿ ಮುಚ್ಚಬೇಕಾದದ್ದೇ ಎಂಬುದು ಅವನಿಗೂ ಗೊತ್ತಿತ್ತು, ಊರಿಗೂ ಗೊತ್ತಿತ್ತು.

ಸಾಲದ್ದಕ್ಕೆ ಅವತ್ತೇ ಎರಡು ಗಂಟೆಗೆ ಕ್ಲೆಟ್ ಮೇಷ್ಟ್ರ ಅಂತ್ಯಕ್ರಿಯೆ. ನಲವತ್ತು ವರ್ಷ ಇಡೀ ಊರಿಗೆ ಡ್ರೈವಿಂಗ್ ಕಲಿಸಿದ ಮೇಷ್ಟ್ರು ಅವರು. ಚರ್ಚಿನ ಏರಿನಲ್ಲಿ ಎಂಜಿನ್ ಆರಿಸಿದವನನ್ನು ಅಲ್ಲೇ ಇಳಿಸಿ ಮನೆಗೆ ನಡೆಸಿ ಕಳಿಸುತ್ತಿದ್ದರು. ಅವರ ಹೆಂಡತಿ ಆರ್ಮ್‌ಗಾರ್ಡ್ ಕ್ಲೆಟ್ ಹಿಂದಿನ ದಿನವೇ ಬಂದು ಟ್ರೌಗೊಟ್‌ನ ಕೈ ಹಿಡಿದು ಹೇಳಿಹೋಗಿದ್ದರು: "ಹೂವು ಕಮ್ಮಿಯಾದ್ರೂ ಪರವಾಗಿಲ್ಲ, ಹೆಫೆಲೆಯವರೇ. ಏರಿನಲ್ಲಿ ಮಾತ್ರ ನಿಲ್ಲಿಸ್ಬೇಡಿ. ಅವರಿಗೆ ಅದೊಂದು ಆಗ್ತಿರಲಿಲ್ಲ."

ಟ್ರೌಗೊಟ್ ಅಡುಗೆಮನೆ ಮೇಜಿನ ಮೇಲೆ ಕಾರಿನ ಪತ್ರಿಕೆಗಳನ್ನು ಹರಡಿಕೊಂಡು ಕೂತಿದ್ದ. ರೀನೆಕ್ ಮೊದಲ ಐದು ವರ್ಷ ಕೈಕೊಡುವುದಿಲ್ಲ, ಆಮೇಲೆ ಹೇಳಲಾಗದು ಎಂದು ಒಂದು ಪತ್ರಿಕೆ ಬರೆದಿತ್ತು. ವಾಲ್ಡೋರ್ ಮೊದಲ ಐದು ವರ್ಷ ಕಾಡುತ್ತದೆ, ಆಮೇಲೆ ಕಲ್ಲುಗುಂಡು ಎಂದು ಇನ್ನೊಂದು. ಎರಡು ಗಾಡಿಗಳೂ ಗಂಟೆಗೆ ಇನ್ನೂರು ಕಿಲೋಮೀಟರ್ ವೇಗದಲ್ಲಿ ಬಹಳ ಚೆನ್ನಾಗಿ ಓಡುತ್ತವೆ ಎಂದು ಮೂರನೆಯದು. ಅವನಿಗೆ ಬೇಕಾದದ್ದು ಗಂಟೆಗೆ ಐದು ಕಿಲೋಮೀಟರ್. ಅದರ ಬಗ್ಗೆ ಯಾವ ಪುಣ್ಯಾತ್ಮನೂ ಒಂದಕ್ಷರ ಬರೆದಿರಲಿಲ್ಲ.

"ಒಂದು ಜೊತೆ ಬೂಟು ಆರಿಸೋಕೆ ನಿಂಗೆ ಮೂರು ವಾರ ಬೇಕು. ಇದನ್ನ ಎರಡು ಗಂಟೆ ಒಳಗೆ ಆರಿಸ್ತೀಯಾ?" ಎಂದಳು ಹೆಂಡತಿ ರೋಸ್ವಿತಾ, ಕಾಫಿ ಸುರಿಯುತ್ತ.

"ಸುಮ್ನಿರೇ. ಇದೂ ಚೆನ್ನಾಗಿದೆ ಅನ್ಸುತ್ತೆ, ಅದೂ ಚೆನ್ನಾಗಿದೆ ಅನ್ಸುತ್ತೆ. ಎರಡನ್ನೂ ನೋಡಿದ್ರೆ ಎದೆ ಹೊಡ್ಕೊಳ್ಳತ್ತೆ."

"ನಿಂಗೆ ಏನಾದ್ರೂ ಆದ್ರೆ ಸಾಗಿಸೋಕೆ ಎರಡು ಗಾಡಿ ಇದೆಯಲ್ಲ, ಬಿಡು."

ಅಷ್ಟರಲ್ಲಿ ಅಂಗಳದಲ್ಲಿ ಮಾತು ಜೋರಾಯಿತು. ಔಷಧಿ ಅಂಗಡಿಯ ರಿಕ್ಸಿಂಗರ್ ಕೈಕಟ್ಟಿಕೊಂಡು ರೀನೆಕ್ ಪಕ್ಕದಲ್ಲಿ ನಿಂತಿದ್ದ. ಮಾಂಸದ ಅಂಗಡಿಯ ಗ್ಮೇಲಿನ್ ಬಿಳಿ ಏಪ್ರನ್ ಕೂಡ ಬಿಚ್ಚದೆ ಬಂದು ವಾಲ್ಡೋರ್‌ಗೆ ಒರಗಿದ್ದಳು. ಇಬ್ಬರೂ ಬದುಕಿರುವಾಗಲೇ ತಮ್ಮ ಪೆಟ್ಟಿಗೆ, ಹೂವು, ಹಾಡು ಎಲ್ಲ ಆರಿಸಿ ಹೆಫೆಲೆಯ ಹತ್ತಿರ ಕರಾರಿಗೆ ಸಹಿ ಹಾಕಿಟ್ಟವರು. ಊರಿನಲ್ಲಿ ಅಂಥವರು ನೂರಕ್ಕೂ ಹೆಚ್ಚು. ಅವರ ನಂಬಿಕೆಯ ಮೇಲೇ ಅಂಗಡಿ ನಡೆಯುತ್ತಿತ್ತು.

"ನೋಡಿ ಹೆಫೆಲೆಯವರೇ, ನಾನು ಮೂವತ್ತೊಂದು ವರ್ಷದಿಂದ ರೀನೆಕ್ ಬಿಟ್ಟು ಬೇರೆ ಗಾಡಿ ಹತ್ತಿದವನಲ್ಲ. ನೀವು ವಾಲ್ಡೋರ್ ತಗೊಂಡ್ರೆ ನನ್ನ ಕರಾರು ಹರಿದು ಹಾಕಿ. ಸತ್ತ ಮೇಲೆ ಊರೆಲ್ಲ ನೋಡೋ ಹಾಗೆ ಅದರಲ್ಲಿ ಮಲ್ಕೊಂಡು ಹೋಗೋಕೆ ನಂಗೇನು ಹುಚ್ಚಾ?" ಎಂದ ರಿಕ್ಸಿಂಗರ್.

"ಅಯ್ಯೋ, ಹೋಗಿ! ನಿಮ್ಮ ರೀನೆಕ್ ಚಳಿಗಾಲ ಬಂದ್ರೆ ಗ್ಯಾರೇಜಿನಿಂದ ಹೊರಗೇ ಬರಲ್ಲ," ಎಂದಳು ಗ್ಮೇಲಿನ್. "ನಮ್ಮಪ್ಪ ವಾಲ್ಡೋರ್, ನಮ್ಮತ್ತೆ ವಾಲ್ಡೋರ್, ನಾನೂ ವಾಲ್ಡೋರ್. ಹೆಫೆಲೆಯವರೇ, ಈಗ್ಲೇ ಹೇಳ್ತಿದ್ದೀನಿ. ನನ್ನನ್ನ ರೀನೆಕ್‌ನಲ್ಲಿ ಹಾಕಿದ್ರೆ ಎದ್ದು ಕೂತ್ಕೋತೀನಿ."

ಟ್ರೌಗೊಟ್ ಇಬ್ಬರಿಗೂ ತಲೆಯಾಡಿಸಿದ. ಅವನ ಕಸುಬೇ ತಲೆಯಾಡಿಸುವುದು. ದುಃಖದಲ್ಲಿರುವವರ ಎದುರು ಮೂವತ್ತು ವರ್ಷ ತಲೆಯಾಡಿಸಿ ಅವನ ಕುತ್ತಿಗೆಗೆ ಅಡ್ಡಡ್ಡ ಆಡಿಸುವುದೇ ಮರೆತುಹೋಗಿತ್ತು.

"ಮಾತಿಂದ ಆಗೋದಲ್ಲ ಇದು," ಎಂದ ರಿಕ್ಸಿಂಗರ್. "ನಾನೇ ಮಲಗಿ ನೋಡ್ತೀನಿ. ಹಿಂದಿನ ಬಾಗಿಲು ತೆಗೀರಿ."

"ನೀವಾ? ಈಗಲೇನಾ?"

"ಮತ್ತಿನ್ಯಾವಾಗ? ಆಮೇಲೆ ಮಲಗಿದ್ರೆ ನಿಮಗೆ ಅಭಿಪ್ರಾಯ ಹೇಳೋಕೆ ಆಗುತ್ತಾ?"

ಟ್ರೌಗೊಟ್ ಹಿಂದಿನ ಬಾಗಿಲು ತೆಗೆದ. ಔಷಧಿ ಅಂಗಡಿಯವನು ಬೂಟು ಬಿಚ್ಚಿ, ಕನ್ನಡಕ ಜೇಬಿಗಿಟ್ಟು, ಪೆಟ್ಟಿಗೆ ಜಾರುವ ಹಲಗೆಯ ಮೇಲೆ ಅಂಗಾತ ಮಲಗಿದ. ಬಾಗಿಲು ಮೆತ್ತಗೆ ತಾನಾಗಿಯೇ ಮುಚ್ಚಿಕೊಂಡಿತು. ಗಾಜಿನ ಹಿಂದೆ ಅವನು ಹೆಬ್ಬೆರಳೆತ್ತಿ ತೋರಿಸಿದ. ಒಂದು ನಿಮಿಷ ಕಳೆದ ಮೇಲೆ ಹೊರಗೆ ಬಿಡಿ ಎಂದು ಸನ್ನೆ ಮಾಡಿದ. ಟ್ರೌಗೊಟ್ ಗುಂಡಿ ಒತ್ತಿದ. ಬಾಗಿಲು ತೆರೆಯಲಿಲ್ಲ. ಚಾಲಕನ ಮುಂದಿನ ಪರದೆಯ ಮೇಲೆ 'ಹೊಸ ಸಾಫ್ಟ್‌ವೇರ್ ಅಳವಡಿಸಲಾಗುತ್ತಿದೆ, ದಯವಿಟ್ಟು ಗಾಡಿಯನ್ನು ಮುಟ್ಟಬೇಡಿ' ಎಂದು ಬಂತು.

"ಮೂವತ್ತೊಂದು ವರ್ಷದ ನಂಬಿಕೆ!" ಎಂದು ಗ್ಮೇಲಿನ್ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಒಳಗೆ ರಿಕ್ಸಿಂಗರ್ ಗಾಜು ಬಡಿಯುತ್ತಿದ್ದ. ಬ್ರೆಡ್ಡಿನ ಚೀಲ ಹಿಡಿದು ಬೀದಿಯಲ್ಲಿ ಹೋಗುತ್ತಿದ್ದ ಮುದುಕಿಯೊಬ್ಬಳು ಶವವಾಹನದೊಳಗಿಂದ ಕೈ ಬಡಿಯುವುದನ್ನು ಕಂಡು ಶಿಲುಬೆ ಗುರುತು ಮಾಡಿಕೊಂಡು ಓಡಿದಳು. ಟ್ರೌಗೊಟ್ ಕಂಪನಿಗೆ ಫೋನ್ ಮಾಡಿದ. "ಬಾಗಿಲು ಇಲ್ಲಿಂದಲೇ ತೆಗೀತೀವಿ ಸರ್, ಆದ್ರೆ ಎಂಜಿನ್ ಸಂಜೆ ನಾಲ್ಕರವರೆಗೂ ಶುರುವಾಗಲ್ಲ," ಎಂದರು ಅವರು. ಇಪ್ಪತ್ತೈದು ನಿಮಿಷಕ್ಕೆ ಬಾಗಿಲು ತೆರೆಯಿತು. ಬೆವರಿನಲ್ಲಿ ತೊಯ್ದು ಹೊರಬಂದ ರಿಕ್ಸಿಂಗರ್ ಒಂದೇ ಮಾತು ಹೇಳಿದ: "ಜಾಗ ಧಾರಾಳವಾಗಿದೆ."

ಹೀಗೆ ಆಯ್ಕೆ ತಾನಾಗಿಯೇ ಆದಂತಾಯಿತು. ಎರಡು ಗಂಟೆಗೆ ಕ್ಲೆಟ್ ಮೇಷ್ಟ್ರ ಓಕ್ ಮರದ ಪೆಟ್ಟಿಗೆ ವಾಲ್ಡೋರ್ ಏರಿತು. ಮುಂದೆ ಗಾಡಿ, ಅದರ ಹಿಂದೆ ಮೇಷ್ಟ್ರ ಹೆಂಡತಿ, ಪಾದ್ರಿ, ತುತ್ತೂರಿಯವರು, ಅವರ ಹಿಂದೆ ಮೇಷ್ಟ್ರ ಕೈಯಲ್ಲಿ ಬೈಸಿಕೊಂಡು ಲೈಸೆನ್ಸ್ ಪಡೆದ ಇಡೀ ಊರು. ಗ್ಮೇಲಿನ್ ಎಲ್ಲರಿಗಿಂತ ತಲೆಯೆತ್ತಿ ನಡೆಯುತ್ತಿದ್ದಳು. ಗಾಡಿ ಸದ್ದಿಲ್ಲದೆ ಬೆಣ್ಣೆಯ ಮೇಲೆ ಜಾರಿದಂತೆ ಸಾಗಿತು. ಬೆಳಗಿನಿಂದ ಬಿಗಿದಿದ್ದ ಟ್ರೌಗೊಟ್‌ನ ಹೆಗಲು ಸಡಿಲವಾಯಿತು. ಇದನ್ನೇ ತೆಗೆದುಕೊಂಡುಬಿಡುತ್ತೇನೆ, ರಿಕ್ಸಿಂಗರ್‌ನನ್ನು ಹೇಗೋ ಸಮಾಧಾನ ಮಾಡಿದರಾಯಿತು ಎಂದುಕೊಂಡ.

ಏರಿನ ಅರ್ಧಕ್ಕೆ ಬಂದಾಗ ಪರದೆಯ ಮೇಲೆ ಕಾಫಿ ಲೋಟದ ಚಿತ್ರವೊಂದು ಮೂಡಿತು. 'ನಿಮಗೆ ನಿದ್ದೆ ಬಂದಂತಿದೆ, ಸ್ವಲ್ಪ ವಿಶ್ರಮಿಸಿ' ಎಂದು ಅದರ ಕೆಳಗೆ. ಇಷ್ಟು ಮೆಲ್ಲಗೆ ಓಡಿಸುವವನು ಎಚ್ಚರವಾಗಿರಲು ಸಾಧ್ಯವೇ ಇಲ್ಲವೆಂದು ಗಾಡಿ ತೀರ್ಮಾನಿಸಿತ್ತು. ಟ್ರೌಗೊಟ್ ಸ್ಟಿಯರಿಂಗ್ ಅಲ್ಲಾಡಿಸಿದ, ಕೆಮ್ಮಿದ, ಕಿಟಕಿ ಇಳಿಸಿ ಏರಿಸಿದ. ಗಾಡಿ ನಂಬಲಿಲ್ಲ. ಕಟಕ್ಕನೆ ಬ್ರೇಕ್ ಹಾಕಿಕೊಂಡು, ಎಂಜಿನ್ ಆರಿಸಿ, ನಾಲ್ಕೂ ಮೂಲೆಯ ದೀಪ ಮಿಣುಕಿಸುತ್ತ ನಿಂತಿತು. ಎಲ್ಲಿಯೋ ಗಂಟೆ ಬಾರಿಸಿದಂತಾಗಿ ಹೆಣ್ಣು ದನಿಯೊಂದು ಮಾತಾಡಿತು.

"ನಮಸ್ಕಾರ, ವಾಲ್ಡೋರ್ ಸಹಾಯವಾಣಿ. ನಿಮ್ಮ ಗಾಡಿಯಿಂದ ತುರ್ತು ಕರೆ ಬಂದಿದೆ. ನೀವು ಎಚ್ಚರವಾಗಿದ್ದೀರಾ?"

"ಇದ್ದೀನಮ್ಮ, ಇದ್ದೀನಿ!"

"ಗಾಡಿಯಲ್ಲಿ ಎಷ್ಟು ಜನ ಇದ್ದೀರಿ?"

ಟ್ರೌಗೊಟ್‌ಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. "ಇಬ್ಬರು," ಎಂದ.

"ಇನ್ನೊಬ್ಬರಿಗೆ ಪ್ರಜ್ಞೆ ಇದೆಯಾ?"

"ಇಲ್ಲ."

"ಉಸಿರಾಡ್ತಿದ್ದಾರಾ?"

"ಇಲ್ಲ."

"ಯಾವಾಗಿನಿಂದ?"

"ಭಾನುವಾರ ಸಂಜೆಯಿಂದ."

"ಭಾನುವಾರದಿಂದ ಅವರನ್ನ ಗಾಡಿಯಲ್ಲಿಟ್ಕೊಂಡು ಓಡಾಡ್ತಿದ್ದೀರಾ?"

"ಛೆ ಛೆ! ಇವತ್ತು ಮಧ್ಯಾಹ್ನದಿಂದ ಅಷ್ಟೇ."

"ಗಾಬರಿಯಾಗ್ಬೇಡಿ. ಇಂಥ ಸಂದರ್ಭಕ್ಕೆ ಯಾರನ್ನ ಕಳಿಸ್ಬೇಕು ಅಂತ ನಮ್ಮ ಪಟ್ಟಿಯಲ್ಲಿದೆ. ಅವರು ಬರೋವರೆಗೂ ಗಾಡಿ ಕದಲಲ್ಲ. ಧೈರ್ಯವಾಗಿರಿ." ಕರೆ ಕಟ್ಟಾಯಿತು.

ತುತ್ತೂರಿಯವರು ಏನು ಮಾಡುವುದೆಂದು ತಿಳಿಯದೆ ಅದೇ ಹಾಡನ್ನು ಮೂರನೆಯ ಸಲ ಊದುತ್ತಿದ್ದರು. ಮೇಷ್ಟ್ರ ಹೆಂಡತಿ ನಿಧಾನವಾಗಿ ಬಂದು ಕಿಟಕಿಯಲ್ಲಿ ಬಗ್ಗಿದರು. ಅಳುವುದನ್ನೂ ಮರೆತಿದ್ದರು.

"ಏರಿನಲ್ಲಿ ಆರಿಸ್ಬಿಟ್ರಾ, ಹೆಫೆಲೆಯವರೇ?"

"ನಾನಲ್ಲ ಅಮ್ಮಾ. ಅದೇ ಆರಿಸ್ಕೊಂಡಿತು."

"ಎಲ್ಲರೂ ಅವರ ಹತ್ರ ಇದನ್ನೇ ಹೇಳ್ತಿದ್ರು," ಎಂದು ನಿಟ್ಟುಸಿರಿಟ್ಟು ಹಿಂದಕ್ಕೆ ಹೋದರು. ಟ್ರೌಗೊಟ್‌ಗೆ ಭೂಮಿ ಬಾಯ್ಬಿಡಬಾರದೇ ಎನಿಸಿತು. ಹೆಗಲ ಮೇಲೆ ಹೊತ್ತರೆ ಹೇಗೆ ಎಂದು ಹಾಡುಗಾರರತ್ತ ನೋಡಿದ. ಎಲ್ಲರೂ ಒಟ್ಟಿಗೆ ಆಕಾಶ ನೋಡತೊಡಗಿದರು. ಗ್ಮೇಲಿನ್ ಯಾರಿಗೂ ಕಾಣದಂತೆ ಪಾದ್ರಿಯ ಬೆನ್ನ ಹಿಂದೆ ಸೇರಿದ್ದಳು. ರಿಕ್ಸಿಂಗರ್ ಅವಳನ್ನು ಹುಡುಕಿಕೊಂಡು ಹೋಗಿ, "ನಮ್ಮಪ್ಪ ವಾಲ್ಡೋರ್, ನಮ್ಮತ್ತೆ ವಾಲ್ಡೋರ್," ಎಂದು ಅವಳ ದನಿಯಲ್ಲೇ ಹೇಳಿ ಬಂದ.

ಕಾಲು ಗಂಟೆಯಲ್ಲಿ ಕೆಳಗಿನಿಂದ ಗಾಡಿಯೊಂದರ ಸದ್ದು ಕೇಳಿತು. ಆಂಬುಲೆನ್ಸ್ ಬರುತ್ತದೆಂದು ಟ್ರೌಗೊಟ್ ಹೆದರಿದ್ದ. ಬಂದದ್ದು ಆಂಬುಲೆನ್ಸ್ ಅಲ್ಲ. ಅದೊಂದು ಬೂದು ಬಣ್ಣದ ಹಳೇ ವ್ಯಾನು, ಒಂದು ಬದಿ ನೆಗ್ಗಿತ್ತು. ಅದು ಗುಡುಗುಡು ಎನ್ನುತ್ತ ಏರು ಹತ್ತಿ ಪಕ್ಕದಲ್ಲಿ ನಿಂತಿತು. ಕರಿ ಟೋಪಿ ತೆಗೆಯುತ್ತ ಇಳಿದವನು ಪಕ್ಕದೂರಿನ ಪಾಲ್ಮರ್.

"ಕ್ಷಮಿಸಿ ಹೆಫೆಲೆಯವರೇ," ಎಂದ ಪಾಲ್ಮರ್ ಮುಜುಗರದಿಂದ. "ಚರ್ಚಿನ ಏರಿನಲ್ಲಿ ಒಂದು ಹೆಣ ಇದೆ, ಪಕ್ಕದಲ್ಲಿ ತಲೆ ಸರಿಯಿಲ್ಲದ ಡ್ರೈವರ್ ಇದ್ದಾನೆ ಅಂತ ಫೋನ್ ಬಂತು. ತುರ್ತಿಗೆ ಹೋಗೋ ಸರದಿ ಈ ವಾರ ನಂದಲ್ವಾ?"

ಜಿಲ್ಲೆಯ ಅಂತ್ಯಕ್ರಿಯೆಯವರೆಲ್ಲ ವಾರಕ್ಕೊಬ್ಬರಂತೆ ತುರ್ತು ಸರದಿ ಹಂಚಿಕೊಂಡಿದ್ದರು. ಆ ಪಟ್ಟಿ ಬರೆದವನೇ ಟ್ರೌಗೊಟ್. ಅವನ ಗಾಡಿ ಅವನ ಕಣ್ಣೆದುರಿಗೇ, ಊರಿನವರೆಲ್ಲರ ಸಮಕ್ಷಮದಲ್ಲಿ, ಅವನ ಎದುರಾಳಿಯನ್ನು ಕರೆಸಿತ್ತು.

ಪಾಲ್ಮರ್ ವ್ಯಾನಿನ ಹಿಂದಿನ ಬಾಗಿಲನ್ನು ಕೈಯಿಂದಲೇ ಎಳೆದು ತೆರೆದ. ನಾಲ್ವರನ್ನು ಕರೆದು ಪೆಟ್ಟಿಗೆಯನ್ನು ವಾಲ್ಡೋರ್‌ನಿಂದ ಅದಕ್ಕೆ ಸಾಗಿಸಿ, ಬಾಗಿಲನ್ನು ಒಂದೇ ಏಟಿಗೆ ಹಾಕಿ, ಹತ್ತಿ ಕೂತು ಗೇರು ಹಾಕಿದ. ವ್ಯಾನು ಒಂದು ಗೇಣೂ ಹಿಂದೆ ಸರಿಯದೆ ಹೊರಟಿತು. "ಏರಿನಲ್ಲಿ ಗಾಡಿ ಹೀಗೆ ಎತ್ತಬೇಕು," ಎಂದರು ಮೇಷ್ಟ್ರ ಹೆಂಡತಿ, ಕಣ್ಣೊರೆಸಿಕೊಳ್ಳುತ್ತ. ಇಡೀ ಊರು ಅದರ ಹಿಂದೆ ನಡೆಯಿತು. ಟ್ರೌಗೊಟ್ ಮಿಣುಕುವ ಗಾಡಿಯನ್ನು ಬಿಟ್ಟು ಎಲ್ಲರಿಗಿಂತ ಹಿಂದೆ ನಡೆದ.

ಮಣ್ಣು ಮಾಡಿದ ಮೇಲೆ ಊರಿನ ಹೋಟೆಲಿನಲ್ಲಿ ಎಲ್ಲರಿಗೂ ಕಾಫಿ, ಜಡೆ ಹೆಣೆದಂಥ ಸಿಹಿ ಬ್ರೆಡ್ಡು. ಅಲ್ಲಿ ಕಂಡ ನೋಟಕ್ಕೆ ಟ್ರೌಗೊಟ್‌ಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ. ರಿಕ್ಸಿಂಗರ್ ಮತ್ತು ಗ್ಮೇಲಿನ್ ಒಂದೇ ಮೇಜಿನಲ್ಲಿ ಕೂತಿದ್ದರು. ನಡುವೆ ಪಾಲ್ಮರ್.

"ಬೇಜಾರು ಮಾಡ್ಕೋಬೇಡಿ ಹೆಫೆಲೆಯವರೇ," ಎಂದಳು ಗ್ಮೇಲಿನ್. "ನಾವಿಬ್ಬರೂ ಪಾಲ್ಮರ್ ಅವರ ಹತ್ರ ಕರಾರು ಬರೆಸಿಬಿಟ್ವಿ."

"ಆ ವ್ಯಾನ್ ಯಾವ ಕಂಪನಿದು ಅಂತಾನೂ ಗೊತ್ತಾಗಲ್ಲ," ಎಂದ ರಿಕ್ಸಿಂಗರ್. "ಅದೇ ನಮಗೆ ಹಿಡಿಸಿದ್ದು. ಯಾರಿಗೂ ಅವಮಾನ ಇಲ್ಲ." ಅವರ ಹಿಂದೆ ಸಹಿ ಹಾಕಲು ಆರೇಳು ಮಂದಿ ಸಾಲು ನಿಂತಿದ್ದರು. ಅವರಲ್ಲಿ ಸೊಂಟ ಹಿಡಿದ ಹಾಡುಗಾರನೂ ಒಬ್ಬ.

ಟ್ರೌಗೊಟ್ ಕುರ್ಚಿಯಲ್ಲಿ ಕುಸಿದ. ಅಜ್ಜನ ಕುದುರೆ, ಅಪ್ಪನ ಮೋಟಾರು, ಎಲ್ಲ ಮುಗಿಯಿತು. ಎದೆ ಭಾರವಾಯಿತು, ನಿಜ. ಆದರೆ ಬೆಳಗಿನಿಂದ ತಲೆಯೊಳಗೆ ಗುಯ್ಗುಟ್ಟುತ್ತಿದ್ದ ರೀನೆಕ್ಕು ವಾಲ್ಡೋರು ಸುಮ್ಮನಾದದ್ದೂ ಅಷ್ಟೇ ನಿಜ. ಇನ್ನು ಅಂಗಡಿಯೇ ಇಲ್ಲವೆಂದ ಮೇಲೆ ಗಾಡಿ ಆರಿಸುವ ತಾಪತ್ರಯವೂ ಇಲ್ಲ.

ಪಾಲ್ಮರ್ ಒಳ್ಳೆಯ ಮನುಷ್ಯ. ಕಾಫಿ ಹಿಡಿದು ಎದ್ದು ಬಂದು ಅವನ ಪಕ್ಕದಲ್ಲಿ ಕೂತ. "ನಂಗೂ ಅರವತ್ತೇಳಾಯ್ತು ಹೆಫೆಲೆಯವರೇ. ಎರಡೂರಿನ ಕೆಲಸ ಒಬ್ಬನ ಕೈಲಿ ಆಗಲ್ಲ. ನನ್ನ ಜೊತೆ ಬಂದ್ಬಿಡಿ. ತಿಂಗಳ ಸಂಬಳ, ಭಾನುವಾರ ರಜ. ನಿಮ್ಮಷ್ಟು ಕೆಲಸ ಬಲ್ಲವರು ಯಾರಿದ್ದಾರೆ?"

ಟ್ರೌಗೊಟ್ ಅವನ ಕೈ ಹಿಡಿದುಕೊಂಡ. "ಬರ್ತೀನಿ," ಎಂದ. "ನಾಳೆಯಿಂದಲೇ ನಿಮ್ಮ ವ್ಯಾನ್ ಓಡಿಸ್ತೀನಿ."

"ವ್ಯಾನಾ?" ಪಾಲ್ಮರ್ ತಲೆ ಕೆರೆದುಕೊಂಡ. "ಅದಕ್ಕೆ ಇಪ್ಪತ್ತೆರಡು ವರ್ಷ ಆಯ್ತು. ಮೊನ್ನೆ ತಪಾಸಣೆಯವರು ಈ ತಿಂಗಳ ಕೊನೆಗೆ ಗುಜರಿಗೆ ಹಾಕಿ ಅಂದ್ಬಿಟ್ರು. ಮಾಡ್ತಿದ್ದ ಕಂಪನೀನೂ ಮುಚ್ಚಿಹೋಗಿದೆ. ನಂಗೆ ಕಾರಿನ ವಿಷಯ ಸುತರಾಂ ತಿಳಿಯಲ್ಲ. ನೀವು ಪತ್ರಿಕೆಗಳನ್ನೆಲ್ಲ ಓದಿದ್ದೀರಿ, ಎರಡೂ ಗಾಡಿ ಹತ್ತಿರದಿಂದ ನೋಡಿದ್ದೀರಿ. ನಿಮ್ಮ ಮೊದಲನೇ ಕೆಲಸ ಅದೇ ಅಂತ ಇಟ್ಕೊಳ್ಳಿ. ರೀನೆಕ್ಕೋ ವಾಲ್ಡೋರೋ, ಕೈಕೊಡದಂಥದ್ದು ಒಂದು ಆರಿಸಿಕೊಡಿ."

ಆ ಮಾತು ಪಕ್ಕದ ಮೇಜಿಗೆ ಕೇಳಿಸಿತು. ರಿಕ್ಸಿಂಗರ್ ಎಡದಿಂದ, ಗ್ಮೇಲಿನ್ ಬಲದಿಂದ, ತಂತಮ್ಮ ಕುರ್ಚಿ ಎಳೆದುಕೊಂಡು ಬಂದು ಟ್ರೌಗೊಟ್‌ನ ಪಕ್ಕದಲ್ಲಿ ಕೂತರು.

"ನೋಡಿ ಹೆಫೆಲೆಯವರೇ," ಎಂದರು ಇಬ್ಬರೂ ಒಟ್ಟಿಗೆ.