ಮ್ಯಾನೇಜ್ ಪದದ ಪಟ್ಟಾಭಿಷೇಕ

ಬಹಳ ಹಿಂದೆ, ಯಾವ ನಕ್ಷೆಯಲ್ಲೂ ಸಿಗದ ಜಾಗದಲ್ಲಿ, ಒಂದು ರಾಜ್ಯವಿತ್ತು. ಅದರ ದೊರೆ ಪ್ರಚಂಡಕೇತು ಕುಂಬಾರಗೇರಿಯ ಬಾವಿಗೆ ಬೇಲಿ ಹಾಕಿಸಿ, ಅದನ್ನು ಅರಮನೆಯ ಕುದುರೆಗಳಿಗೆ ಕೊಟ್ಟ.

ಕೇರಿಗೆ ಇದ್ದದ್ದು ಅದೊಂದೇ ಬಾವಿ. ಕುಡಿಯಲು ಅದೇ, ಮಣ್ಣು ಕಲಸಲು ಅದೇ. ದೊಡ್ಡತಾಯಮ್ಮನ ಮನೆಯಲ್ಲಿ ಬಾಣಂತಿ ಸೊಸೆಗೆ ಎರೆಯಲೂ ನೀರಿಲ್ಲದೆ ಹೋಯಿತು. ಅವಳು ಸೀದಾ ಆಸ್ಥಾನಕ್ಕೆ ನಡೆದಳು. ಜೊತೆಗೆ ಹೊರಟವರು ಗೇಟಿನ ಬಳಿಯೇ ನಿಂತರು, ಅವಳು ನಿಲ್ಲಲಿಲ್ಲ.

"ನೀರಿಲ್ಲ ಬುದ್ಧೀ. ನಮ್ಮ ಬಾವಿ ನಮಗೆ ಬುಟ್ಕೊಡಿ."

ರತ್ನಖಚಿತ ಬಾಚಣಿಗೆಯಿಂದ ಮೀಸೆ ತೀಡಿಕೊಳ್ಳುತ್ತಿದ್ದ ಮಹಾಪ್ರಭುಗಳು ಅಪ್ಪಣೆ ಕೊಡಿಸಿದರು: "ಮ್ಯಾನೇಜ್ ಮಾಡಿ."

ಸಭೆ ಚಪ್ಪಾಳೆ ತಟ್ಟಿತು. ಮಹಾಮಂತ್ರಿ ಸ್ತುತಿಸಾಗರರು ಕಣ್ಣೊರೆಸಿಕೊಂಡರು. "ಎಂಥಾ ದೂರದೃಷ್ಟಿ ಪ್ರಭೂ! ಎರಡೇ ಮಾತಿನಲ್ಲಿ ನೀರಾವರಿ ಯೋಜನೆ!"

"ಹಂಗಂದ್ರೇನು ಬುದ್ಧೀ?" ಎಂದಳು ದೊಡ್ಡತಾಯಮ್ಮ.

ಚಪ್ಪಾಳೆ ನಿಂತಿತು. ಆ ರಾಜ್ಯದಲ್ಲಿ ಇಂಗ್ಲಿಷ್ ಪದಗಳನ್ನು ಬಳಸುವ ವಾಡಿಕೆಯಿತ್ತು, ಅರ್ಥ ಕೇಳುವ ವಾಡಿಕೆಯಿರಲಿಲ್ಲ. "ಹೇಗೋ ಆಗುತ್ತೆ ಅಂತ," ಎಂದ ಸೇನಾಪತಿ. "ಏನೂ ಆಗಲ್ಲ ಅಂತ," ಎಂದ ಕೋಶಾಧಿಕಾರಿ. ಎರಡೂ ಒಂದೇ ಎಂದು ಆಸ್ಥಾನಕವಿ ಷಟ್ಪದಿ ಕಟ್ಟಿದ. ತಾವು ಏನು ಅಪ್ಪಣೆ ಕೊಟ್ಟೆವೆಂಬ ಕುತೂಹಲ ಸ್ವತಃ ಪ್ರಭುಗಳಿಗೂ ಹುಟ್ಟಿದ್ದರಿಂದ ಅಲ್ಲೇ ಒಂದು ಹೈಲೆವೆಲ್ ಕಮಿಟಿ ರಚನೆಯಾಯಿತು.

"ನೀರು?"

"ವರದಿ ಬರಲಿ ತಾಯಿ. ಅಲ್ಲೀತನಕ ಮ್ಯಾನೇಜ್ ಮಾಡಿ," ಎಂದರು ಮಹಾಮಂತ್ರಿಗಳು.

ಕಮಿಟಿಯವರು ಹೆಂಡಿರು ಮಕ್ಕಳ ಸಮೇತ ಸ್ಟಡಿ ಟೂರಿಗೆ ಹಡಗು ಹತ್ತಿದರು. ಇತ್ತ ಕೇರಿಯಲ್ಲಿ ಮಡಕೆ ಮಾಡುವ ತಿಗರಿಗಳು ನಿಂತವು. ದೊಡ್ಡತಾಯಮ್ಮ ದೂರದ ಹಳ್ಳದಿಂದ ಕೆಸರುನೀರು ಹೊತ್ತು ತಂದು, ಸೋಸಿ, ಕಾಯಿಸಿ ಸೊಸೆಗೆ ಎರೆದಳು. ಬರಬರುತ್ತಾ ಹಳ್ಳವೂ ಬತ್ತಿತು.

ಕೊನೆಗೊಂದು ದಿನ ಕಮಿಟಿ ಮೈ ತುಂಬಿಕೊಂಡು ಮರಳಿತು. ಆಸ್ಥಾನದಲ್ಲಿ ಪವರ್‌ಪಾಯಿಂಟ್ ಬೆಳಗಿತು. "ಪ್ರಭೂ, ನಡೆಸು, ನಿಭಾಯಿಸು, ಹೇಗೋ ಪಾರಾಗು ಎಂಬವೆಲ್ಲ ಈ ಪದದ ಈಚಿನ ಅರ್ಥಗಳು. ಲ್ಯಾಟಿನ್ನಿನಲ್ಲಿ ಮಾನುಸ್ ಅಂದರೆ ಕೈ. ಅದರಿಂದ ಇಟಲಿಯವರು ಕುದುರೆಯನ್ನು ಪಳಗಿಸುವುದಕ್ಕೊಂದು ಮಾತು ಮಾಡಿಕೊಂಡರು. ಇಂಗ್ಲಿಷರು ಅದನ್ನು ತಂದು, ಕುದುರೆಯಿಂದ ಶುರುಮಾಡಿ ಮನೆ, ಅಂಗಡಿ, ರಾಜ್ಯ ಎಲ್ಲಕ್ಕೂ ಬಳಸಿದರು."

ಪ್ರಭುಗಳು ಎದ್ದುನಿಂತರು. "ಛೇ! ಪಾಪ, ಜನರಿಗೆ ಇಷ್ಟು ದಿನ ತಪ್ಪು ಹೇಳಿಬಿಟ್ಟೆವಲ್ಲ! ಮ್ಯಾನೇಜ್ ಮಾಡಬೇಕಾದವರು ಅವರಲ್ಲ, ನಾವು!"

ಬಾಗಿಲಲ್ಲಿ ನಿಂತಿದ್ದ ದೊಡ್ಡತಾಯಮ್ಮನಿಗೆ ಒಂದು ಗಳಿಗೆ ಬಾವಿ ಸಿಕ್ಕೇಬಿಟ್ಟಿತು ಅನ್ನಿಸಿತು.

ಸಂಜೆಯೊಳಗೆ ಮೂಲಾರ್ಥ ಪುನರುದ್ಧಾರ ಯೋಜನೆಯ ರಾಜಾಜ್ಞೆ ಹೊರಬಿತ್ತು. ಕುಂಬಾರಗೇರಿಯೇ ಪೈಲಟ್ ಪ್ರಾಜೆಕ್ಟ್. ನೀರು ಬೇಕಾದ ಫಲಾನುಭವಿಯು ಬಾಯಿಗೆ ಕಡಿವಾಣ ಧರಿಸಿ, ಲಾಯದ ಅಧಿಕಾರಿಯ ಕೈಹಿಡಿತದಲ್ಲಿ ಬಾವಿಯನ್ನು ಸುತ್ತತಕ್ಕದ್ದು. ಕುದುರೆಗಳು ಕುಡಿದ ಬಳಿಕ ಒಂದು ಕೊಡ ನೀರು. ಕಡಿವಾಣದ ಖರ್ಚು ಕೇರಿಯದು.

ಉದ್ಘಾಟನೆಯ ದಿನ ಬಂಗಾರದ ಅಕ್ಷರದಲ್ಲಿ ಬರೆದ ಮ್ಯಾನೇಜ್ ಪದವನ್ನು ಪಲ್ಲಕ್ಕಿಯಲ್ಲಿ ತಂದು, ಬಾವಿಕಟ್ಟೆಯ ಮೇಲೆ ಕೂರಿಸಿ, ಕಿರೀಟ ತೊಡಿಸಿದರು. ಕುದುರೆಗಳು ತೃಪ್ತಿ ವ್ಯಕ್ತಪಡಿಸಿದವೆಂದು ಪ್ರೆಸ್ ನೋಟ್ ಬಂತು. ದೊಡ್ಡತಾಯಮ್ಮನ ಪಕ್ಕದ ಮನೆಯ ಮುದ್ದಯ್ಯ ಕಡಿವಾಣ ಕಚ್ಚಿಕೊಂಡು ಒಂದು ಸುತ್ತು ಬಂದ.

"ಕುದುರೆಗಿಂತ ಬೇಗ ಕಲಿತ ಪ್ರಭೂ!" ಎಂದರು ಸ್ತುತಿಸಾಗರರು.

"ಏನ್ಮಾಡದು ಅಕ್ಕಯ್ಯ, ಮಕ್ಳವೆ," ಎಂದು ಮುದ್ದಯ್ಯ ಸರತಿಯಲ್ಲಿ ನಿಂತಿದ್ದ ದೊಡ್ಡತಾಯಮ್ಮನಿಗೆ ಹೇಳಿ ಬಾಯಿಯ ನೆತ್ತರು ಒರೆಸಿಕೊಂಡ. ಸರತಿ ಮುಂದೆ ಸರಿಯಿತು.

"ಬಾಯಿ ತೆಗಿಯಮ್ಮ," ಎಂದ ಲಾಯದ ಅಧಿಕಾರಿ.

"ಇದ ಹಾಕ್ಕಂಡು ಮಾತಾಡಬೋದಾ?" ಎಂದು ಕೇಳಿದಳು ದೊಡ್ಡತಾಯಮ್ಮ.

"ಇಲ್ಲಮ್ಮ, ಅದೇ ಇದರ ಅನುಕೂಲ. ಮನೇಲಿ ಬಾಣಂತಿ ಇದಾಳಂತಲ್ಲ, ಹಟ ಯಾಕೆ? ಒಂದೇ ಒಂದು ಸುತ್ತು."

ಬಾವಿಯಲ್ಲಿ ನೀರು ಕಾಣುವಷ್ಟು ಹತ್ತಿರದಲ್ಲಿದ್ದಳು ಅವಳು. ನಾಲಿಗೆ ಒಣಗಿತ್ತು.

"ಹಾಕ್ಕಳಾಕಿಲ್ಲ," ಎಂದಳು. ಆಮೇಲೆ ಹಲ್ಲು ಬಿಗಿಹಿಡಿದು ನಿಂತಳು.